ಪೆನ್‌ಡ್ರೈವ್ ಕಡತಗಳ ಒಡೆತನ: ತೀರ್ಥಹಳ್ಳಿಯಲ್ಲಿ ನಾನು ಅನುಸರಿಸುವ ಕ್ರಮ

ತೀರ್ಥಹಳ್ಳಿ ಸೀಮೆಯ ತಾಳಮದ್ದಳೆಗಳ ಧ್ವನಿಮುದ್ರಣಗಳನ್ನು ನಾವು ಕೆಲವರು ಒಂದು ಉಬುಂಟು ಕಂಪ್ಯೂಟರಿನಲ್ಲಿ ಕೂಡಿಡುತ್ತಿದ್ದೇವೆ. ಮಳೆಗಾಲದಲ್ಲಿ ನೆಟ್‌ವರ್ಕನ್ನು ನೆಚ್ಚುವಂತಿಲ್ಲವಾದ್ದರಿಂದ ಕಡತಗಳೆಲ್ಲ ಪೆನ್‌ಡ್ರೈವ್, ಹಾರ್ಡ್‌ಡಿಸ್ಕ್‌ಗಳಲ್ಲಿಯೇ ಬರುತ್ತವೆ. ಹಾಗೆ ಬಂದವುಗಳಲ್ಲಿ ಕೆಲವನ್ನು ಕೇಳಲು ಸಾಧ್ಯವಾದರೂ ಹೆಸರು ಬದಲಿಸಲು ಹೋದರೆ ‘ಅನುಮತಿ ಇಲ್ಲ’ ಎಂಬ ಉತ್ತರ ಬರುತ್ತಿತ್ತು; ಒಡೆಯನ ಜಾಗದಲ್ಲಿ ‘ರೂಟ್’ (ಎಲ್ಲ ಅಧಿಕಾರವುಳ್ಳ ಬಳಕೆದಾರ) ಎಂದೋ ಬರಿಯ ಒಂದು ಅಂಕಿಯೋ ಕಾಣುತ್ತಿತ್ತು.

ಇಂಥಲ್ಲಿ ಹೆಚ್ಚಿನವರು ನೇರವಾಗಿ ಒಡೆಯನನ್ನು ಬದಲಿಸುವ ‘ಚೌನ್’ (chown) ಆದೇಶಕ್ಕೆ ಕೈಹಾಕುತ್ತಾರೆ. ನಾನು ಅದಕ್ಕೂ ಮೊದಲು ‘ಎಲ್‌ಎಸ್‌ಬಿಎಲ್‌ಕೆ -ಎಫ್’ (lsblk -f) ಕೊಟ್ಟು ಡಿಸ್ಕಿನ ಫೈಲ್‌ಸಿಸ್ಟಮ್ (ಕಡತಗಳನ್ನು ಜೋಡಿಸಿಡುವ ಬಗೆ) ಯಾವುದೆಂದು ನೋಡುತ್ತೇನೆ, ಏಕೆಂದರೆ ಮುಂದಿನ ದಾರಿ ಅದರಿಂದಲೇ ನಿರ್ಧಾರವಾಗುತ್ತದೆ.

ಫ್ಯಾಟ್32 ಮತ್ತು ಎಕ್ಸ್‌ಫ್ಯಾಟ್‌ಗಳಲ್ಲಿ ಲಿನಕ್ಸ್ (ಉಬುಂಟುವಿನ ಬುನಾದಿ) ಬಗೆಯ ಒಡೆತನವನ್ನು ಬರೆದಿಡಲು ಸ್ಥಳವೇ ಇಲ್ಲ. ಮೌಂಟ್ ಮಾಡುವಾಗ, ಅಂದರೆ ಡಿಸ್ಕನ್ನು ಬಳಕೆಗೆ ಜೋಡಿಸುವಾಗ, ಇಡೀ ಡಿಸ್ಕಿಗೆ ಒಬ್ಬ ಒಡೆಯನನ್ನು ಲಿನಕ್ಸೇ ನಿಗದಿಪಡಿಸುತ್ತದೆ. ಸುಡೋ (ರೂಟ್‌ನ ಅಧಿಕಾರದಲ್ಲಿ ಆದೇಶ ನಡೆಸುವ ಸೌಲಭ್ಯ) ಬಳಸಿ ಕೈಯಾರೆ ಮೌಂಟ್ ಮಾಡಿದರೆ, ಬೇರೇನೂ ಹೇಳದಿದ್ದಲ್ಲಿ, ರೂಟ್ ಒಡೆಯನಾಗುತ್ತಾನೆ. ಆಮೇಲೆ ಚೌನ್ ಮಾಡಿ ಫಲವಿಲ್ಲ. ಹಾಗಾಗಿ ‘ಐಡಿ -ಯು’ ಆದೇಶದಿಂದ ನನ್ನ ಸಂಖ್ಯೆಯನ್ನು ತಿಳಿದುಕೊಂಡು (ಉಬುಂಟುವಿನ ಮೊದಲ ಬಳಕೆದಾರನಿಗೆ ಸಾಮಾನ್ಯವಾಗಿ 1000), ಅನ್‌ಮೌಂಟ್ ಮಾಡಿ, ‘ಯುಐಡಿ=1000, ಜಿಐಡಿ=1000, ಯುಮಾಸ್ಕ್=022’ ಆಯ್ಕೆಗಳೊಂದಿಗೆ (ಕ್ರಮವಾಗಿ ಬಳಕೆದಾರನ ಸಂಖ್ಯೆ, ಗುಂಪಿನ ಸಂಖ್ಯೆ, ತಡೆಹಿಡಿಯುವ ಅನುಮತಿಗಳು) ಮತ್ತೆ ಮೌಂಟ್ ಮಾಡುತ್ತೇನೆ. ಸದಾ ಬಳಸುವ ಡಿಸ್ಕಾದರೆ ಇವನ್ನೇ, ಮೌಂಟ್ ಆಗಬೇಕಾದ ಡಿಸ್ಕುಗಳ ಪಟ್ಟಿಯಾದ ಎಫ್‌ಎಸ್‌ಟ್ಯಾಬ್ (fstab) ಕಡತದಲ್ಲಿ ಬರೆದು, ‘ನೋಫೇಲ್’ ಎಂಬುದನ್ನೂ ಸೇರಿಸುತ್ತೇನೆ. ಅದಿಲ್ಲದಿದ್ದರೆ ಡಿಸ್ಕ್ ಚುಚ್ಚದ ದಿನ ಕಂಪ್ಯೂಟರ್ ಏಳುವುದೇ ಕಷ್ಟ.

ಲಿನಕ್ಸಿನದೇ ಫೈಲ್‌ಸಿಸ್ಟಮ್ ಆದ ಇಎಕ್ಸ್‌ಟಿ4 ಇರುವ ಡಿಸ್ಕಿನ ವಿಷಯ ಬೇರೆ. ಅಲ್ಲಿ ಒಡೆತನ ಡಿಸ್ಕಿನಲ್ಲೇ ಉಳಿಯುತ್ತದೆ, ಆದರೆ ಹೆಸರಾಗಿ ಅಲ್ಲ, ಸಂಖ್ಯೆಯಾಗಿ. ಉದಾಹರಣೆಗೆ, ಸಾಗರ ಊರಿನ ಕಂಪ್ಯೂಟರಿನಲ್ಲಿ 1001 ಸಂಖ್ಯೆಯವರು ಬರೆದ ಕಡತಕ್ಕೆ ನಮ್ಮಲ್ಲಿ ಆ ಸಂಖ್ಯೆಯ ಬಳಕೆದಾರರಿಲ್ಲದಿದ್ದರೆ ಅಂಕಿಯಷ್ಟೇ ಕಾಣುತ್ತದೆ. ಇಲ್ಲಿ ‘ಚೌನ್ -ಆರ್’ (ಒಳಗಿನ ಎಲ್ಲಕ್ಕೂ ಅನ್ವಯಿಸುವ ರೂಪ) ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಡಿಸ್ಕ್ ಸಾಗರಕ್ಕೆ ಮರಳಿದಾಗ ಅಲ್ಲಿಯವರಿಗೆ ಅದೇ ತೊಡಕು ಎದುರಾಗುತ್ತದೆ. ಆದ್ದರಿಂದ ಎರಡೂ ಕಂಪ್ಯೂಟರುಗಳಲ್ಲಿ ಒಂದೇ ಜಿಐಡಿ ಇರುವ ಗುಂಪನ್ನು ರಚಿಸಿ, ಫೋಲ್ಡರುಗಳನ್ನು ಆ ಗುಂಪಿಗೆ ಒಪ್ಪಿಸಿ 2775 ಅನುಮತಿ (ಒಡೆಯನಿಗೂ ಗುಂಪಿಗೂ ಬರೆಯಲು, ಉಳಿದವರಿಗೆ ನೋಡಲು ಮಾತ್ರ) ಕೊಟ್ಟೆವು. ಅದರ ಮೊದಲ 2ರಿಂದಾಗಿ ಹೊಸದಾಗಿ ಬರೆಯುವ ಕಡತಗಳೂ ಅದೇ ಗುಂಪಿಗೆ ಸೇರುತ್ತವೆ. ಎಲ್ಲಕ್ಕೂ 777 (ಎಲ್ಲರಿಗೂ ಪೂರ್ಣ ಅನುಮತಿ) ಕೊಡುವುದನ್ನು ನಾನು ಒಪ್ಪುವುದಿಲ್ಲ: ಮತ್ತೊಮ್ಮೆ ಸಿಗದ ಧ್ವನಿಯನ್ನು ಯಾರು ಬೇಕಾದರೂ ಅಳಿಸುವಂತಿರಬಾರದು.

ಕಡತ ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಫ್ಯಾಟ್ ಡಿಸ್ಕ್ ಕೆಡಬಹುದು. ಆಮೇಲೆ ದೋಷ ಕಂಡೊಡನೆ ಕರ್ನಲ್ (ಲಿನಕ್ಸಿನ ತಿರುಳು) ಅದನ್ನು ಓದಲು ಮಾತ್ರ ಬರುವಂತೆ ಮಾಡುತ್ತದೆ. ಮೌಂಟ್ ಪಟ್ಟಿಯಲ್ಲಿ ‘ಆರ್‌ಒ’ ಎಂದಿದ್ದರೆ ಒಡೆತನದ ಗೊಡವೆಗೆ ಹೋಗದೆ, ಅನ್‌ಮೌಂಟ್ ಮಾಡಿ, ದೋಷ ಹುಡುಕಿ ಸರಿಪಡಿಸುವ ‘ಎಫ್‌ಎಸ್‌ಸಿಕೆ’ (fsck) ನಡೆಸುತ್ತೇನೆ.