ಬಿಲ್ಲಿನಲ್ಲೇ ಕಲ್ಲಿನ ಜಾತಕ: ನನ್ನ ಅನುಭವ

ನನ್ನ ಒಡವೆ ಅಂಗಡಿಯ ಬಿಲ್ಲಿನಲ್ಲಿ ಹರಳಿನ ಪೂರ್ತಿ ಜಾತಕ ಬರೆದುಕೊಡ್ತೀನಿ ಅಂದಾಗ ನಮ್ಮ ಬೀದಿಯಲ್ಲಿ ನಗದವರೇ ಇರಲಿಲ್ಲ. "ಗಾಜು ತುಂಬಿದ್ದು ಅಂತ ನೀನೇ ಬರೆದುಕೊಟ್ರೆ ಯಾರಪ್ಪ ತಗೋತಾರೆ? ಅಂಗಡಿ ಮುಚ್ಚಬೇಕಾಗುತ್ತೆ" ಅಂತ ಹಿರಿಯರೊಬ್ಬರು ಎದುರಿಗೇ ಹೇಳಿದರು. ಮೂರ್ನಾಲ್ಕು ವರ್ಷ ಆಯಿತು. ಅಂಗಡಿ ತೆರೆದೇ ಇದೆ. ಹರಳಿನ ವ್ಯಾಪಾರ ಹೆಚ್ಚುಕಡಿಮೆ ಒಂದೂವರೆ ಪಟ್ಟಾಗಿದೆ. ಅದೇ ಹಿರಿಯರು ಮೊನ್ನೆ ನನ್ನ ಬಿಲ್ ಪುಸ್ತಕದ ಒಂದು ಹಾಳೆ ಕೇಳಿ ಇಸ್ಕೊಂಡು ಹೋದರು.

ಹರಳಿಗೆ ಅಂತಲೇ ನಾಲ್ಕು ಕಾಲಂ. ಯಾವ ಕಲ್ಲು. ಭೂಮಿಯದೋ, ಲ್ಯಾಬಿನದೋ, ಬರೀ ಗಾಜೋ. ಅದಕ್ಕೆ ಏನೇನು ಮಾಡಿದ್ದಾರೆ: ಕಾಯಿಸಿದ್ದು, ಎಣ್ಣೆ ಹಾಕಿದ್ದು, ಬಿರುಕಿಗೆ ಗಾಜು ತುಂಬಿದ್ದು, ಬಣ್ಣ ಕೊಟ್ಟಿದ್ದು. ಕೊನೆಗೆ ಕ್ಯಾರೆಟ್ ತೂಕ. ಚಿನ್ನದ ಸಾಲಿನಲ್ಲಿ 22 ಕ್ಯಾರೆಟ್ ಅನ್ನದೆ 916 ಅಂತ ಮಾತ್ರ ಬರೆಯುತ್ತೇನೆ. ಕ್ಯಾರೆಟ್ ಅನ್ನುವುದು ಹರಳಿನ ತೂಕಕ್ಕೇ ಇರಲಿ, ಗೊಂದಲ ಬೇಡ.

ಮೊದಲು ಅಚ್ಚು ಹಾಕಿಸಿದ ಪುಸ್ತಕ ಪೂರ್ತಿ ದಂಡ. ಟ್ರೀಟೆಡ್ (ಕಾಯಿಸಿದ್ದು, ತುಂಬಿದ್ದು ಇತ್ಯಾದಿ), ಸಿಂಥೆಟಿಕ್ (ಲ್ಯಾಬಿನದು), ಸಿಮ್ಯುಲೆಂಟ್ (ನೋಡೋಕೆ ಮಾತ್ರ ಹಾಗಿರುವ ಬೇರೆ ವಸ್ತು) ಅಂತ ಹಾಕಿಸಿದ್ದೆ. "ಸಿಂಥೆಟಿಕ್ ಅಂದ್ರೆ ಸೀರೆ ಥರಾನಾ ಆಚಾರ್ರೇ?" ಅಂತ ಒಬ್ಬರು ಕೇಳಿದರು. ಏನು ಹೇಳೋದು? ಲ್ಯಾಬಿನಲ್ಲಿ ಬೆಳೆಸಿದ ಮಾಣಿಕ್ಯವೂ ಮಾಣಿಕ್ಯವೇ. ಅದೇ ಗಡಸುತನ, ಅದೇ ಸಾಂದ್ರತೆ. ಅಮೆರಿಕನ್ ಡೈಮಂಡ್ ವಜ್ರವೇ ಅಲ್ಲ, ಜಿರ್ಕೋನಿಯಾ. ಎರಡನ್ನೂ 'ಡೂಪ್ಲಿಕೇಟ್' ಅಂತ ಒಂದೇ ಚೀಲಕ್ಕೆ ಹಾಕುವ ಅಭ್ಯಾಸ ನಮ್ಮದೇ ಅಲ್ವಾ? ಎರಡು ಮೂರು ಸಾವಿರ ಹೋಯಿತು. ಎರಡನೇ ಸಲ ಮನೆಮಾತಿನಲ್ಲೇ ಹಾಕಿಸಿದೆ.

ನಿಜವಾದ ಹೊಡೆತ ಬಿದ್ದಿದ್ದು ನೆಟ್ ತೂಕದಲ್ಲಿ, ಅಂದರೆ ಕಲ್ಲು, ಅರಗು ಕಳೆದು ಬರೀ ಚಿನ್ನದ ತೂಕ ಹಾಕುವುದರಲ್ಲಿ. ಕಲ್ಲನ್ನೂ ಅರಗನ್ನೂ ಸೇರಿಸಿ ಚಿನ್ನದ ರೇಟಿಗೆ ತೂಗುವುದು ಎಷ್ಟೋ ಕಡೆ ಇದೆ, ಬಿಡಿ. ಗ್ರಾಂಗೆ ಆರು ಸಾವಿರದ ಹತ್ತಿರ ಇದ್ದ ಕಾಲ ಅದು. ಎರಡು ಗ್ರಾಂ ಕಲ್ಲು ಕಳೆದರೆ ನನಗೆ ಹನ್ನೆರಡು ಸಾವಿರ ಬರಲ್ಲ. ಅದನ್ನು ಮಜೂರಿಯಲ್ಲಿ ತೋರಿಸಿದರೆ ಗಿರಾಕಿ "ಪಕ್ಕದವರು ಎಂಟು ಪರ್ಸೆಂಟ್, ನೀವು ಹದಿನಾರು?" ಅಂತ ಎದ್ದು ಹೋಗುತ್ತಾರೆ. ಆ ವರ್ಷದ ಮದುವೆ ಸೀಸನ್‌ನಲ್ಲಿ ನಾಲ್ಕೈದು ದೊಡ್ಡ ಆರ್ಡರ್ ಹಾಗೇ ಹೋದವು. ಆಮೇಲೆ ಬಿಲ್ಲಿನ ಹಿಂದೆ ಅದೇ ಹಾರವನ್ನು ಎರಡೂ ಲೆಕ್ಕದಲ್ಲಿ ಬರೆದು ತೋರಿಸಲು ಶುರು ಮಾಡಿದೆ. ಅದರಲ್ಲಿ ಒಂದು ಸಾಲು ಇದೆ, ಅದನ್ನು ಓದಿದ ಮೇಲೆ ಯಾರೂ ಪರ್ಸೆಂಟ್ ಮಾತೆತ್ತುವುದಿಲ್ಲ. ಆ ಸಾಲು ಇಲ್ಲಿ ಬೇಡ, ನನ್ನ ಹೊಟ್ಟೆಪಾಡು.

ಹಾಲ್‌ಮಾರ್ಕ್ ಇದೆಯಲ್ಲ ಅನ್ನುವವರಿಗೂ ಉತ್ತರ ಕೊಡಬೇಕಾಗುತ್ತದೆ. 2023ರ ಏಪ್ರಿಲ್‌ನಿಂದ ಒಡವೆಯ ಮೇಲೆ ಆರು ಅಕ್ಷರ-ಅಂಕಿಯ ಗುರುತಿನ ಸಂಖ್ಯೆ, ಎಚ್‌ಯುಐಡಿ, ಕಡ್ಡಾಯವಾಗಿದೆ. ಅದು ಹೇಳುವುದು ಚಿನ್ನದ ವಿಷಯ ಮಾತ್ರ. ಕಲ್ಲಿನ ಬಗ್ಗೆ ಒಂದಕ್ಷರ ಇಲ್ಲ. ಕಲ್ಲು ಕೂರಿಸಿದ ಕುಂದನ್, ಪೋಲ್ಕಿ, ಜಡಾವ್ ಒಡವೆಗಳಿಗೆ 2021ರಲ್ಲೇ ಕಡ್ಡಾಯದಿಂದ ವಿನಾಯಿತಿ ಕೊಟ್ಟರು. ಒಳಗೆ ಅರಗು ಜಾಸ್ತಿ ಇರುವ ಮಾಲೂ ಅದೇ.

ಇನ್ನು ಕಾಲಂ ತುಂಬುವುದು ಹೇಗೆ? ಕಲ್ಲನ್ನು ಹೊರಗೊಮ್ಮೆ, ನೀರಿನಲ್ಲೊಮ್ಮೆ ತೂಗಿ ಸಾಂದ್ರತೆ ಕಂಡುಹಿಡಿಯುವ ಹುಚ್ಚು ನನಗೂ ಹಿಡಿದಿತ್ತು. ಮಾಣಿಕ್ಯದ ಸಾಂದ್ರತೆ 4, ಅದರ ಹಾಗೇ ಕಾಣುವ ಬೇರೆ ಕಲ್ಲು ಸ್ಪೈನಲ್‌ದು 3.6. ಕೇಳೋಕೆ ಚೆನ್ನಾಗಿದೆ. ಒಂದು ಕ್ಯಾರೆಟ್ ಅಂದರೆ 0.2 ಗ್ರಾಂ. ನೀರಿನಲ್ಲಿ ಮಾಣಿಕ್ಯ 0.15 ತೋರಿಸಬೇಕು, ಸ್ಪೈನಲ್ 0.144. ನಮ್ಮ ಅಂಗಡಿ ತಕ್ಕಡಿ ಎರಡನೇ ದಶಮಾಂಶಕ್ಕೇ ನಿಲ್ಲುತ್ತದೆ. ಒಂದು ಗುಳ್ಳೆ ಅಂಟಿದರೂ ಲೆಕ್ಕ ಹಾಳು. ಐದು ಕ್ಯಾರೆಟ್ ಮೇಲಿನ ಬಿಡಿ ಕಲ್ಲಿಗೆ ಮಾತ್ರ ಈಗ ಮಾಡುತ್ತೇನೆ. ನೀಲಿ ಟಾರ್ಚ್ (ಯುವಿ ಬೆಳಕು) ಇನ್ನೂ ಮೋಸ. ಬರ್ಮಾ ಮಾಣಿಕ್ಯ ಕೆಂಪಗೆ ಹೊಳೆಯುತ್ತದೆ, ಲ್ಯಾಬಿನದು ಅದಕ್ಕಿಂತ ಜೋರಾಗಿ ಹೊಳೆಯುತ್ತದೆ, ಕಬ್ಬಿಣದ ಅಂಶ ಜಾಸ್ತಿ ಇರುವ ಥಾಯ್ಲೆಂಡಿನ ಅಸಲಿ ಕಲ್ಲು ಮಂಕಾಗಿ ಕೂತಿರುತ್ತದೆ. ಡೈಮಂಡ್ ಟೆಸ್ಟರ್ ಪೆನ್ನು ಜಿರ್ಕೋನಿಯಾ ಹಿಡಿಯುತ್ತದೆ. ಬರೀ ಶಾಖ ನೋಡುವ ಪೆನ್ನಾದರೆ ವಜ್ರದ ಹಾಗೇ ಕಾಣುವ ಮೊಯಿಸನೈಟ್‌ಗೂ ಬೀಪ್ ಅನ್ನುತ್ತದೆ, ಲ್ಯಾಬ್ ವಜ್ರಕ್ಕಂತೂ ಕೇಳೋದೇ ಬೇಡ.

ಕೊನೆಗೆ ಕೈ ಹಿಡಿದಿದ್ದು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಪುಟ್ಟ ಭೂತಗನ್ನಡಿ (ಲೂಪ್), ಒಂದೇ ಬಲ್ಬು, ತಾಳ್ಮೆ. ಗಾಜು ತುಂಬಿದ ಕೆಂಪನ್ನು ಚಿಮಟದಲ್ಲಿ ಹಿಡಿದು ನಿಧಾನವಾಗಿ ಓರೆ ಮಾಡಿ. ಬಿರುಕಿನ ಉದ್ದಕ್ಕೂ ಒಂದು ನೀಲಿ ಮಿಂಚು ಹಾದು ಹೋಗುತ್ತದೆ, ಮರುಕ್ಷಣ ಮಾಯ. ಅದೇ ಜಾಗದಲ್ಲಿ ಅಪ್ಪಚ್ಚಿಯಾದ ಗುಳ್ಳೆಗಳು ಕಾಣುತ್ತವೆ. ಎಲ್ಲ ಕಲ್ಲಿನಲ್ಲೂ ಕಾಣಲ್ಲ. ಕಾಣದಿದ್ದರೆ ಬೆಳಕು ಎಲ್ಲಿಂದ ಬಿಡಬೇಕು ಅನ್ನುವುದರಲ್ಲಿ ಒಂದು ಕೈಚಳಕ ಇದೆ, ಅಂಗಡಿಗೆ ಬಂದರೆ ತೋರಿಸುತ್ತೇನೆ. ಸುಮ್ನೆ ಕುತೂಹಲಕ್ಕೆ ಬೇಡದ ನಾಲ್ಕು ಕಲ್ಲನ್ನು ನಿಂಬೆರಸದಲ್ಲಿ ಹಾಕಿ ಎರಡು ದಿನ ಬಿಟ್ಟೆ. ಮೂರರ ಮೈಮೇಲೆ ಬಿಳಿ ಗೆರೆಗಳ ಜಾಲ ಎದ್ದಿತು. ಅವನ್ನು ಕೌಂಟರ್ ಮೇಲೇ ಇಟ್ಟಿದ್ದೇನೆ. ಗಾಜು ತುಂಬಿದ್ದು ಯಾಕೆ ಅಗ್ಗ ಅಂತ ಕೇಳಿದವರ ಮುಂದೆ ಒಂದು ತೆಗೆದಿಟ್ಟರೆ ಸಾಕು.

ಕಷ್ಟದ ಗಿರಾಕಿ ಅಂದರೆ ಅಜ್ಜಿ ಕಾಲದ ಒಡವೆ ತಂದವರು. ಕೆಂಪಿನ ಅಡ್ಡಿಕೆ ತಂದ ಒಬ್ಬ ಹೆಂಗಸು, "ನಮ್ಮತ್ತೆಯವರ ಅತ್ತೆದು, ಆಗೆಲ್ಲಿತ್ತು ಲ್ಯಾಬು?" ಅಂದರು. ಇತ್ತಮ್ಮ. ಫ್ರಾನ್ಸಿನ ವೆರ್ನೂಯಿ ಬೆಂಕಿಯಲ್ಲಿ ಮಾಣಿಕ್ಯ ಬೆಳೆಸುವ ವಿಧಾನ ಪ್ರಕಟಿಸಿದ್ದು 1902ರಲ್ಲಿ. ಲೂಪ್ ಅವರ ಕೈಗೇ ಕೊಟ್ಟೆ. ಬಾಗಿದ ಗೆರೆಗಳು ಅವರಿಗೇ ಕಂಡವು. ಭೂಮಿಯ ಕಲ್ಲಿನಲ್ಲಿ ಗೆರೆ ಬಾಗಲ್ಲ, ನೇರ ಇರುತ್ತದೆ, ಇಲ್ಲ ಮೂಲೆ ಮುರಿಯುತ್ತದೆ. ಎರಡು ನಿಮಿಷ ಮಾತಿಲ್ಲ. ಆಮೇಲೆ ಅದೇ ಅಡ್ಡಿಕೆಗೆ ಹೊಸ ಕೊಂಡಿ ಹಾಕಿಸಿಕೊಂಡರು, ಮಗಳ ಓಲೆಯನ್ನೂ ನನಗೇ ಕೊಟ್ಟರು.

ನಮ್ಮ ಮೈಸೂರು ಕಡೆಯ ನಕ್ಷತ್ರ ಮಾಣಿಕ್ಯದ ಮೇಲೆ ನನಗೆ ಸ್ವಲ್ಪ ಪಕ್ಷಪಾತ. ಮಬ್ಬು ಕಲ್ಲು, ಬೆಲೆ ಕಡಿಮೆ. ಟ್ಯೂಬ್‌ಲೈಟಿನಲ್ಲಿ ಕಲ್ಲಿದ್ದಲ ಚೂರಿನ ಹಾಗಿರುತ್ತದೆ. ಮೊಬೈಲ್ ಟಾರ್ಚ್ ಹಿಡಿದರೆ ಆರು ಕಾಲಿನ ನಕ್ಷತ್ರ. ಜೋರಾಗಿ ಕಾಯಿಸಿದರೆ ನಕ್ಷತ್ರ ಮೂಡಿಸುವ ಒಳಗಿನ ಸೂಜಿಯಂಥ ಎಳೆಗಳು ಕರಗಿ ನಕ್ಷತ್ರವೇ ಹೋಗುತ್ತದೆ.

ನಾಲ್ಕು ಕಾಲಂಗಳಲ್ಲಿ ನನಗೆ ಜಾಸ್ತಿ ಗಿರಾಕಿ ತಂದುಕೊಟ್ಟಿದ್ದು ಯಾವುದು ಗೊತ್ತೇ? ಮೂರನೆಯದರಲ್ಲಿ 'ಹೇಳಲಾಗದು' ಅಂತ ಬರೆಯುವ ಜಾಗ. ಕಾಯಿಸಿದ್ದೋ ಅಲ್ಲವೋ ಅಂತ ಲೂಪಿನಲ್ಲಿ ಎಲ್ಲ ಸಲ ತಿಳಿಯುವುದಿಲ್ಲ. ಹಾಗಿದ್ದಾಗ ಹಾಗೇ ಬರೆದು, ಬೇಕಿದ್ದರೆ ಲ್ಯಾಬಿಗೆ ಕಳಿಸಿ, ಖರ್ಚು ನಿಮ್ಮದು ಅನ್ನುತ್ತೇನೆ. ಸುಮಾರು ಜನ ಕಳಿಸುವುದಿಲ್ಲ. ಆದರೆ ಮುಂದಿನ ಸಲ ನಮ್ಮಲ್ಲಿಗೇ ಬರುತ್ತಾರೆ.

ಮಾಡುವವರು ಇದ್ದರೆ ಒಂದು ಮಾತು: ಥರ್ಮಲ್ ಪೇಪರ್ ಬಿಲ್ಲು ಬೇಡವೇ ಬೇಡ. ಬೀರುವಿನಲ್ಲಿ ಇಟ್ಟರೂ ಅಕ್ಷರ ಮಾಸಿಹೋಗುತ್ತದೆ. ಕಾರ್ಬನ್ ಹಾಕಿ ಬಾಲ್‌ಪೆನ್ನಿನಲ್ಲಿ ಬರೆಯಿರಿ, ಒಂದು ಪ್ರತಿ ನಿಮ್ಮ ಹತ್ತಿರವೇ ಇರಲಿ.