ಹಳ್ಳಿಯ ವೈದ್ಯವೃತ್ತಿಗೆ ಸಿದ್ಧರಾಗುವುದು ಹೇಗೆ?

ಪದವಿ ಮುಗಿಸಿ ಉತ್ಸಾಹದಿಂದ ಹಳ್ಳಿಯ ಆಸ್ಪತ್ರೆಗೆ ಬಂದ ಕಿರಿಯ ವೈದ್ಯರು ವರ್ಷ ತುಂಬುವುದರೊಳಗೆ ಹಿಂದಿರುಗಿದ್ದನ್ನು ಹಲವು ಬಾರಿ ಕಂಡಿದ್ದೇನೆ. ನಡುರಾತ್ರಿ ತೀವ್ರ ರಕ್ತಸ್ರಾವವಾಗುತ್ತಿರುವ ಬಾಣಂತಿಯ ಮುಂದೆ ಒಬ್ಬರೇ ನಿಂತಾಗ ಮೊದಲು ಏನು ಮಾಡಬೇಕೆಂಬುದು ತೋಚದೆ ಹೋದದ್ದೇ ಅವರಲ್ಲಿ ಹೆಚ್ಚಿನವರನ್ನು ಕಂಗೆಡಿಸಿತ್ತು. ಈ ಕೆಳಗಿನ ಹಂತಗಳನ್ನು ಅಂಥವರಿಗಾಗಿಯೇ ಬರೆದಿದ್ದೇನೆ.

ಮೊದಲ ಹಂತ: ಕೈ ಪಳಗಿಸಿಕೊಳ್ಳುವುದು

ಹಳ್ಳಿಗೆ ಹೊರಡುವ ಮುನ್ನ ಕನಿಷ್ಠ ಎರಡು ವರ್ಷ ತುರ್ತುಚಿಕಿತ್ಸೆ, ಹೆರಿಗೆ, ಮಕ್ಕಳ ಹಾಗೂ ಅರಿವಳಿಕೆ ವಿಭಾಗಗಳಲ್ಲಿ ದುಡಿಯಿರಿ. ಇದಕ್ಕೆ ಮಧ್ಯಮ ಗಾತ್ರದ ಆಸ್ಪತ್ರೆಯೇ ಸರಿ. ದೊಡ್ಡ ಬೋಧನಾ ಆಸ್ಪತ್ರೆಗಳಲ್ಲಿ ಕೆಲಸವೆಲ್ಲ ತಜ್ಞರಾಗಲು ಓದುತ್ತಿರುವ ಸ್ನಾತಕೋತ್ತರ ವಿದ್ಯಾರ್ಥಿಗಳ ಪಾಲಾಗಿ, ನಿಮಗೆ ನೋಡುವುದಷ್ಟೇ ಉಳಿಯುತ್ತದೆ. ಎರಡು ದಿನಗಳ ಪ್ರಮಾಣಪತ್ರದ ಕೋರ್ಸನ್ನು ಇದಕ್ಕೆ ಬದಲಿಯೆಂದು ಭಾವಿಸಬೇಡಿ.

ಎರಡನೆಯ ಹಂತ: ಒಂದು ಹೆಚ್ಚುವರಿ ಕೌಶಲ

ಗ್ರಾಮೀಣ ಸಾಮಾನ್ಯ ವೈದ್ಯರ ಕೆಲಸದ ವ್ಯಾಪ್ತಿಯನ್ನು ವಿವರಿಸಿದ 2014ರ ಕೈರ್ನ್ಸ್ (ಆಸ್ಟ್ರೇಲಿಯಾದ ಒಂದು ನಗರ) ಒಮ್ಮತದ ಹೇಳಿಕೆಯು ಪ್ರಾಥಮಿಕ ಆರೈಕೆ, ಒಳರೋಗಿಗಳ ಚಿಕಿತ್ಸೆ ಮತ್ತು ತುರ್ತುಸೇವೆಗಳ ಜೊತೆಗೆ ಒಂದಾದರೂ ಕ್ಷೇತ್ರದಲ್ಲಿ ವಿಸ್ತೃತ ಪರಿಣತಿಯನ್ನೂ ಸೇರಿಸುತ್ತದೆ. ಅರಿವಳಿಕೆಯನ್ನೇ ಆರಿಸಿಕೊಳ್ಳಿ ಎಂಬುದು ನನ್ನ ಖಚಿತ ಸಲಹೆ. ಉಸಿರಾಟದ ದಾರಿಯನ್ನು ಕಾಪಾಡಲು ಕಲಿತ ಕೈ ಅಪಘಾತ, ಅಪಸ್ಮಾರ, ವಿಷಪ್ರಾಶನ ಎಲ್ಲಕ್ಕೂ ಒದಗುತ್ತದೆ.

ಮೂರನೆಯ ಹಂತ: ನೆಲೆಯೂರುವುದು

ಮೊದಲ ವಾರದಲ್ಲೇ ಔಷಧ ದಾಸ್ತಾನನ್ನು ನೀವೇ ಎಣಿಸಿ, ಅನುಭವಿ ದಾದಿಯರ ಮಾತಿಗೆ ಕಿವಿಗೊಡಿ.

ನಾಲ್ಕನೆಯ ಹಂತ: ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಕಳಿಸುವುದು

ಹೆಚ್ಚಿನವರು ಎಡವುವುದು ಇಲ್ಲಿ. ಕೆಲವರು ಹೆದರಿ, ಏನೂ ಮಾಡದೆ ರೋಗಿಯನ್ನು ವಾಹನಕ್ಕೆ ಹತ್ತಿಸುತ್ತಾರೆ. ಇನ್ನು ಕೆಲವರು ತಾವೇ ನಿಭಾಯಿಸುವೆವೆಂದು ಗಂಟೆಗಟ್ಟಲೆ ತಡಮಾಡುತ್ತಾರೆ. ಈ ರೋಗಿಗೆ ಬೇಕಾದದ್ದು ನಮ್ಮಲ್ಲಿ ಇದೆಯೇ ಎಂಬುದನ್ನು ಮೊದಲ ಹತ್ತು ನಿಮಿಷಗಳಲ್ಲಿ ನಿರ್ಧರಿಸಿ, ಇಲ್ಲವೆಂದಾದರೆ ಸಹೋದ್ಯೋಗಿಯಿಂದ ದೂರವಾಣಿ ಕರೆ ಮಾಡಿಸುತ್ತಲೇ ಚಿಕಿತ್ಸೆ ಆರಂಭಿಸಬೇಕು.

ಹೆರಿಗೆಯ ನಂತರದ ರಕ್ತಸ್ರಾವವನ್ನೇ ತೆಗೆದುಕೊಳ್ಳಿ. ಹೊಟ್ಟೆಯ ಮೇಲಿನಿಂದ ಗರ್ಭಕೋಶವನ್ನು ಉಜ್ಜುತ್ತ, ಮೂತ್ರಕೋಶವನ್ನು ಬರಿದುಮಾಡಿ, ರಕ್ತನಾಳಕ್ಕೆ ಎರಡು ದಪ್ಪ ಕ್ಯಾನುಲಾಗಳನ್ನು (ಔಷಧ, ದ್ರವ ಹರಿಸುವ ಕೊಳವೆಗಳನ್ನು) ಹಾಕಿ, ಗರ್ಭಕೋಶವನ್ನು ಬಿಗಿಗೊಳಿಸುವ ಆಕ್ಸಿಟೋಸಿನ್ ಔಷಧವನ್ನು ಸ್ನಾಯುವಿಗೆ 10 ಯೂನಿಟ್ ನೀಡಬೇಕು. ರಕ್ತದ ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲದ 1 ಗ್ರಾಂ ಪ್ರಮಾಣವನ್ನು 10 ನಿಮಿಷಗಳಲ್ಲಿ ನಿಧಾನವಾಗಿ ರಕ್ತನಾಳಕ್ಕೆ ಕೊಡಬೇಕು. ಹೆರಿಗೆಯಾದ 3 ಗಂಟೆಗಳೊಳಗೆ ಕೊಟ್ಟರೆ ಮಾತ್ರ ಇದರಿಂದ ಪ್ರಯೋಜನವಿರುವುದರಿಂದ, ದೊಡ್ಡ ಆಸ್ಪತ್ರೆಯವರು ಕೊಡಲಿ ಎಂದು ಬಿಡುವಂತಿಲ್ಲ. ಗರ್ಭಿಣಿಗೆ ರಕ್ತದೊತ್ತಡ ಏರಿ ಸೆಳೆತ ಬಂದು, ಅದನ್ನು ತಡೆಯಲು ಮೆಗ್ನೀಸಿಯಂ ಸಲ್ಫೇಟ್ ಕೊಟ್ಟಿದ್ದರೆ, ಅದರ ಪ್ರತಿವಿಷವಾದ ಕ್ಯಾಲ್ಸಿಯಂ ಗ್ಲುಕೋನೇಟನ್ನು ಸಿರಿಂಜಿನ ಜೊತೆಗೇ ಕಟ್ಟಿ ಕಳಿಸಿ.

ಆಮ್ಲಜನಕದ ಲೆಕ್ಕವನ್ನು ಬಾಯಿಮಾತಿಗೆ ಬಿಡಬೇಡಿ. 1500 ಲೀಟರ್ ತುಂಬಿದ ಸಿಲಿಂಡರ್ ನಿಮಿಷಕ್ಕೆ 10 ಲೀಟರಿನಂತೆ 150 ನಿಮಿಷ ಬರುತ್ತದೆ; ಅರ್ಧ ತುಂಬಿದ್ದರೆ 75 ನಿಮಿಷ ಮಾತ್ರ. ದಾರಿಗೆ ತಗಲುವ ಸಮಯದ ಎರಡರಷ್ಟಕ್ಕೆ ಸಾಲುವಷ್ಟು ಇದೆಯೆಂದು ಮಾಪಕ ನೋಡಿ ಖಚಿತಪಡಿಸಿಕೊಂಡ ಮೇಲೆಯೇ ವಾಹನ ಹೊರಡಲಿ. ಬೆರಳಿಗೆ ಸಿಕ್ಕಿಸುವ ಅಗ್ಗದ ಆಕ್ಸಿಮೀಟರುಗಳನ್ನು ಇಂಥ ಪ್ರಯಾಣಕ್ಕೆ ನಂಬಬಾರದು: ರಕ್ತದೊತ್ತಡ ಕುಸಿದು ಬೆರಳು ತಣ್ಣಗಾದಾಗ ಅವು ತಪ್ಪು ಅಂಕಿ ತೋರಿಸುತ್ತವೆ. ನಾಡಿಯ ಅಲೆಯನ್ನು ತೋರಿಸುವ ಉಪಕರಣಕ್ಕೆ ಹಣ ಕೂಡಿಸಿ.

ಇನ್ನು ಪತ್ರ. ‘ಹೆಚ್ಚಿನ ಚಿಕಿತ್ಸೆಗಾಗಿ ಕಳಿಸಲಾಗಿದೆ’ ಎಂಬ ಒಂದೇ ಸಾಲಿನ ಚೀಟಿ ಹಿಡಿದು ಬಂದ ರೋಗಿಗಳಿಗೆ ಅದೇ ಔಷಧವನ್ನು ಮತ್ತೆ ಕೊಟ್ಟದ್ದನ್ನು ನೋಡಿ ನೊಂದಿದ್ದೇನೆ. ಏನಾಯಿತು, ಯಾವಾಗ ಆಯಿತು, ಯಾವ ಔಷಧವನ್ನು ಎಷ್ಟು ಪ್ರಮಾಣದಲ್ಲಿ ಎಷ್ಟು ಗಂಟೆಗೆ ಕೊಟ್ಟಿರಿ, ಹೊರಡುವಾಗ ನಾಡಿ, ರಕ್ತದೊತ್ತಡ ಮತ್ತು ಪ್ರಜ್ಞೆ ಹೇಗಿದ್ದವು, ಅಲರ್ಜಿ ಇದೆಯೇ, ನೀವು ಅವರಿಂದ ಏನು ಕೋರುತ್ತಿದ್ದೀರಿ ಎಂಬಿಷ್ಟೂ ಅದರಲ್ಲಿರಬೇಕು. ದೂರವಾಣಿಯಲ್ಲಿ ಒಪ್ಪಿಗೆ ಕೊಟ್ಟ ವೈದ್ಯರ ಹೆಸರನ್ನೂ ಬರೆಯಿರಿ. ಜೊತೆಗೆ ಹೋಗುವ ದಾದಿಗೆ ಪತ್ರವನ್ನು ಒಮ್ಮೆ ಓದಿಸಿ. ಮನೆಯವರಿಗೆ ಕಳಿಸುತ್ತಿರುವ ಕಾರಣವನ್ನೂ ದಾರಿಯಲ್ಲಿ ಇರುವ ಅಪಾಯವನ್ನೂ ಮುಚ್ಚಿಡದೆ ತಿಳಿಸಿ. ಮರುದಿನ ತಪ್ಪದೆ ಕರೆಮಾಡಿ, ಕೊನೆಗೆ ಏನಾಯಿತೆಂಬುದನ್ನು ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ದಾಖಲಿಸಿಕೊಳ್ಳಿ. ನಾನು ಕಲಿತದ್ದರಲ್ಲಿ ಬಹುಪಾಲು ಆ ಪುಸ್ತಕದಿಂದಲೇ ಬಂದದ್ದು.

ಐದನೆಯ ಹಂತ: ಉಳಿಯುವುದು

ಒಬ್ಬರೇ ವೈದ್ಯರಿರುವ ಕಡೆ ಕರೆಗೆ ಕೊನೆಯಿಲ್ಲ. ನಿದ್ರೆಗೆಟ್ಟ ವೈದ್ಯರು ಔಷಧದ ಪ್ರಮಾಣದಲ್ಲಿ ತಪ್ಪುತ್ತಾರೆ. ಆದ್ದರಿಂದ ರಜೆಯ ದಿನಗಳಲ್ಲಿ ಬದಲಿಗೆ ಯಾರು ಬರುತ್ತಾರೆಂಬುದನ್ನೂ, ವರ್ಷಕ್ಕೊಮ್ಮೆ ದೊಡ್ಡ ಆಸ್ಪತ್ರೆಯ ಹೆರಿಗೆ ಮತ್ತು ಶಸ್ತ್ರಚಿಕಿತ್ಸಾ ಕೊಠಡಿಗಳಲ್ಲಿ ಕೆಲವು ವಾರ ಕೈ ಹುರಿಗೊಳಿಸಿಕೊಳ್ಳಲು ಅವಕಾಶವಿದೆಯೇ ಎಂಬುದನ್ನೂ ಬರಹದಲ್ಲಿ ಪಡೆದ ಮೇಲೆಯೇ ನೇಮಕಾತಿಗೆ ಸಹಿ ಹಾಕಿ.