ಗೂಗಲ್ ರೀಡರ್ ಬಂದ್ ಆದ್ಮೇಲೆ ಫೀಡ್ ರೀಡರ್ ನಾನೇ ಓಡಿಸಿದ್ದು: ನನ್ನ ಅನುಭವ

2013ರ ಮಾರ್ಚ್ 13ಕ್ಕೆ ಗೂಗಲ್‌ನವರು ಜುಲೈ 1ರಿಂದ ರೀಡರ್ (ಸೈಟುಗಳು ಹೊಸ ಪೋಸ್ಟಿನ ಪಟ್ಟಿ ಬಿಡೋ ಫೈಲಿಗೆ ಫೀಡ್ ಅಂತಾರೆ, ಅವನ್ನೆಲ್ಲ ಒಂದೇ ಕಡೆ ತಂದು ಓದಿಸ್ತಿದ್ದ ಸೇವೆ ಇದು) ಇರಲ್ಲ ಅಂದಾಗ ನಮ್ ಗುಂಪಲ್ಲಿ ಮೂರು ಪಾರ್ಟಿ ಆಯ್ತು. ಒಂದು ಪಾರ್ಟಿ ಸಹಿ ಸಂಗ್ರಹಕ್ಕೆ ಹೋಯ್ತು, ಲಕ್ಷಕ್ಕಿಂತ ಜಾಸ್ತಿ ಸಹಿ ಬಿತ್ತು, ಆಗಿದ್ದೇನೂ ಇಲ್ಲ. ಇನ್ನೊಂದು ಪಾರ್ಟಿ ಅವತ್ತು ರಾತ್ರಿನೇ ಗಂಟುಮೂಟೆ ಕಟ್ಕೊಂಡು ಫೀಡ್ಲಿ ಅನ್ನೋ ಇನ್ನೊಂದು ರೀಡರಿಗೆ ಹೋಯ್ತು, ಎರಡು ದಿನದಲ್ಲಿ ಐದು ಲಕ್ಷ ಜನ ಬಂದ್ರು ಅಂತ ಫೀಡ್ಲಿಯವ್ರೇ ಹೇಳ್ಕೊಂಡಿದ್ರು. ಮೂರನೇ ಪಾರ್ಟಿಲಿ ನಾನೊಬ್ನೇ, ಸ್ವಂತ ಸರ್ವರಲ್ಲಿ ಓಡಿಸ್ತೀನಿ ಅಂದೆ. "ಆರು ತಿಂಗ್ಳು ಓಡಿದ್ರೆ ಹೇಳು, ಆಮೇಲೆ ನೋಡೋಣ" ಅಂದ್ರು ಎಲ್ಲ. ಅವ್ರು ಆಮೇಲೆ ಸೇರ್ಕೊಂಡ ಡಿಗ್ ರೀಡರ್, ಏಓಎಲ್ ರೀಡರ್ ಎರಡೂ 2018ರಲ್ಲಿ ಮುಚ್ಚಿದ್ವು, ನಂದು ಇವತ್ತಿಗೂ ಓಡ್ತಿದೆ. ಅದಕ್ಕೇ ಬರೀತಿದೀನಿ.

ಮೊದ್ಲು ಡೇಟಾ ವಿಷ್ಯ. ಗೂಗಲ್ಲಿಂದ ನಮ್ಮ ಡೇಟಾ ಇಳಿಸ್ಕೊಳ್ಳೋ ಟೇಕೌಟಿನ ಜಿಪ್ಪಲ್ಲಿ ಸಬ್‌ಸ್ಕ್ರಿಪ್ಷನ್ ಪಟ್ಟಿ ಓಪಿಎಂಎಲ್ (ಫೀಡ್ ಪಟ್ಟಿ ಇಡೋ ಫೈಲ್ ನಮೂನೆ) ಆಗಿ ಬರ್ತಿತ್ತು, ಸ್ಟಾರ್ ಹಾಕಿದ್ದು ಶೇರ್ ಮಾಡಿದ್ದೆಲ್ಲ ಜೇಸನ್ ಫೈಲಲ್ಲಿ. ಎಲ್ರೂ ಅಷ್ಟು ಇಳಿಸ್ಕೊಂಡು ಸುಮ್ನಾದ್ರು. ಆದ್ರೆ ರೀಡರಿನ ಆಸ್ತಿ ಇದ್ದಿದ್ದು ಬೇರೆ ಕಡೆ. ಫೀಡಲ್ಲಿ ಸಾಮಾನ್ಯವಾಗಿ ಕೊನೇ ಹತ್ತಿಪ್ಪತ್ತು ಪೋಸ್ಟ್ ಅಷ್ಟೇ ಇರೋದು, ರೀಡರ್ ಮಾತ್ರ ಒಂದ್ಸಲ ಎಳ್ಕೊಂಡಿದ್ದನ್ನ ಬಿಸಾಕ್ತಾನೇ ಇರ್ಲಿಲ್ಲ, ಬ್ಲಾಗ್ ಸತ್ತು ಡೊಮೇನ್ ಯಾರ್ಯಾರ್ದೋ ಪಾಲಾಗಿದ್ರೂ ಹಳೇ ಪೋಸ್ಟ್ ಅಲ್ಲಿ ಕೂತಿರ್ತಿತ್ತು. ಮುಚ್ಚೋ ಸೈಟುಗಳ ಡೇಟಾ ಉಳಿಸೋ ಆರ್ಕೈವ್ ಟೀಮ್‌ನವ್ರು ಓಡಾಡಿ ಎಳ್ಕೊಂಡಿದ್ದೂ ಅದನ್ನೇ. ನಾನು ನನ್ನ ಮುನ್ನೂರು ಚಿಲ್ರೆ ಫೀಡಿಗೆ ಅದೇ ಮಾಡ್ದೆ. ರೀಡರಿನ ಎಪಿಐ (ಬೇರೆ ಪ್ರೋಗ್ರಾಮ್ ಡೇಟಾ ಕೇಳೋ ದಾರಿ) ಅಧಿಕೃತ ಅಲ್ಲ, ಆದ್ರೆ ಎಲ್ರೂ ಬಳಸ್ತಿದ್ರು, ಕಂಟಿನ್ಯುಯೇಷನ್ ಟೋಕನ್ (ಮುಂದಿನ ಕಂತು ಎಲ್ಲಿಂದ ಅಂತ ಹೇಳೋ ಗುರುತು) ಹಿಡ್ಕೊಂಡು ಹಿಂದಕ್ಕೆ ಹಿಂದಕ್ಕೆ ಹೋಗ್ತಾ ಇದ್ರೆ 2005ರ ಐಟಂ ತನಕ ಬರ್ತಿತ್ತು. ಎಷ್ಟು ಸ್ಪೀಡಲ್ಲಿ ಕೇಳಿದ್ರೆ ತಡೀತಿರ್ಲಿಲ್ಲ ಅನ್ನೋದನ್ನ ಹೇಳಿ ಈಗೇನೂ ಪ್ರಯೋಜನ ಇಲ್ಲ ಬಿಡಿ. ಒಟ್ಟು ಆರೇಳು ಜಿಬಿ ಬಂತು ಅಂತ ನೆನಪು.

ಸಾಫ್ಟ್‌ವೇರಿಗೆ ಮೊದ್ಲು ಫೀವರ್ ಅನ್ನೋ, ಸ್ವಂತ ಸರ್ವರಲ್ಲಿ ಓಡಿಸೋ ಫೀಡ್ ರೀಡರ್ ತಗೊಂಡೆ, ಆಗ 30 ಡಾಲರ್. ತುಂಬ ಜನ ಲಿಂಕ್ ಮಾಡಿದ್ದನ್ನ ಮೇಲೆ ತೋರ್ಸೋ ಅದರ ಐಡಿಯಾ ಚೆನ್ನಾಗಿತ್ತು, ಆದ್ರೆ ನನಗೆ ಬೇಕಿದ್ದಿದ್ದು ಜೆ ಒತ್ತಿದ್ರೆ ಮುಂದಿಂದು, ಕೆ ಒತ್ತಿದ್ರೆ ಹಿಂದಿಂದು, ಅಷ್ಟೇ. ಆಮೇಲೆ ಟೈನಿ ಟೈನಿ ಆರೆಸ್ಸೆಸ್ ಅನ್ನೋ ಇನ್ನೊಂದು ರೀಡರಿಗೆ ಬಂದೆ (ಇಲ್ಲಿ ಆರೆಸ್ಸೆಸ್ ಅಂದ್ರೆ ಫೀಡಿನ ಒಂದು ನಮೂನೆ). ವರ್ಷಕ್ಕೆ ಒಟ್ಟಿಗೆ ದುಡ್ಡು ಕಟ್ಟಿದ್ದ ಒಂದು ಶೇರ್ಡ್ ಹೋಸ್ಟಿಂಗಲ್ಲಿ (ಹಲವರು ಹಂಚ್ಕೊಳ್ಳೋ ಸರ್ವರಲ್ಲಿ) ಹಾಕಿದ್ರೆ ಎರಡನೇ ವಾರಕ್ಕೇ ಮೇಲ್ ಬಂತು, ನಿಮ್ಮ ಕ್ರಾನ್ ಜಾಬ್ (ಗೊತ್ತಾದ ಹೊತ್ತಿಗೆ ತಾನಾಗೇ ಓಡೋ ಕೆಲಸ) ಜಾಸ್ತಿ ಸಿಪಿಯು ತಿಂತಿದೆ ಅಂತ, ಉತ್ತರ ಬರೆಯೋ ಅಷ್ಟರಲ್ಲಿ ಅಕೌಂಟ್ ಸಸ್ಪೆಂಡ್. ಕಟ್ಟಿದ್ದ ಅರವತ್ತು ಎಪ್ಪತ್ತು ಡಾಲರ್ ಹಾಗೇ ಹೋಯ್ತು, ರಿಫಂಡ್ ಕೇಳಿದ್ರೆ ಷರತ್ತು ಓದಿ ಅಂದ್ರು.

ಅಲ್ಲಿಂದ ತಿಂಗಳಿಗೆ 5 ಡಾಲರಿನ ವಿಪಿಎಸ್ (ಬಾಡಿಗೆ ವರ್ಚುವಲ್ ಸರ್ವರ್), 512 ಎಂಬಿ ರ್ಯಾಮ್. ಫೆಚಿಂಗ್ (ಫೀಡುಗಳನ್ನ ಎಳ್ಕೊಳ್ಳೋದು) ಶುರುವಾದ ತಕ್ಷಣ ಪಿಎಚ್‌ಪಿ ಪ್ರೊಸೆಸ್ಸುಗಳು ಮೆಮೊರಿ ನುಂಗೋವು, ಆಪರೇಟಿಂಗ್ ಸಿಸ್ಟಮಿನ ಕರ್ನಲ್ ಬಂದು ಡೇಟಾಬೇಸ್ ಆಗಿದ್ದ ಮೈಎಸ್‌ಕ್ಯೂಎಲ್ಲನ್ನ ಕೊಲ್ಲೋದು, ಬೆಳಗ್ಗೆ ಎದ್ದು ನೋಡಿದ್ರೆ ಖಾಲಿ ಪೇಜು. ಸ್ವಾಪ್ ಫೈಲ್ (ಮೆಮೊರಿ ಸಾಲದಾಗ ಡಿಸ್ಕಲ್ಲಿ ಬಳಸೋ ಜಾಗ) ಹಾಕ್ದೆ, ಕೊಲ್ಲೋದು ನಿಂತು ತೆವಳೋದು ಶುರುವಾಯ್ತು. ಹಗುರ ಇರ್ಲಿ ಅಂತ ಇನ್ನೊಂದು ರೀಡರ್ ಫ್ರೆಶ್‌ಆರೆಸ್ಸೆಸ್ಸನ್ನ ಎಸ್‌ಕ್ಯೂಲೈಟ್ ಅನ್ನೋ ಚಿಕ್ಕ ಡೇಟಾಬೇಸ್ ಮೇಲೆ ಹಾಕಿ ನೋಡ್ದೆ, ನಾಲ್ಕು ಫೆಚ್ ಒಟ್ಟಿಗೆ ಬಿಟ್ರೆ "ಡೇಟಾಬೇಸ್ ಈಸ್ ಲಾಕ್ಡ್". ದೊಡ್ಡ ಮೆಷಿನ್ ತಗೋ ಅಂತ ಎಲ್ರೂ ಹೇಳಿದ್ರು, ತಗೊಂಡಿದ್ರೆ ದುಡ್ಡು ಕೊಡೋ ಯಾವ ಸರ್ವಿಸ್ಸಿಗಿಂತ್ಲೂ ಜಾಸ್ತಿ ಬೀಳ್ತಿತ್ತು, ನಾನು ತಗೊಳ್ಲಿಲ್ಲ.

ಮೆಷಿನ್ ದೊಡ್ಡದು ಮಾಡೋದಲ್ಲ, ಕೆಲಸ ಕಮ್ಮಿ ಮಾಡ್ಬೇಕು. ಒಂದು ವಾರದ ಲಾಗ್ ತೆಗೆದು ನೋಡಿದ್ರೆ ಹತ್ರಹತ್ರ ಮುಕ್ಕಾಲು ಫೀಡಲ್ಲಿ ಹೊಸದೇನೂ ಇಲ್ಲ, ಆದ್ರೂ ಅರ್ಧ ಗಂಟೆಗೊಮ್ಮೆ ಪೂರ್ತಿ ಎಕ್ಸ್‌ಎಂಎಲ್ ಎಳ್ದು ಪಾರ್ಸ್ ಮಾಡ್ತಿದೆ, ಅಂದ್ರೆ ಬಿಡಿಸಿ ಓದ್ತಿದೆ. ಫೆಚರ್ ನಾನೇ ಬರೆದೆ. ಫೀಡಿನ ಜೊತೆ ಸರ್ವರ್ ಕಳ್ಸೋ ಈಟ್ಯಾಗ್ (ಆ ಆವೃತ್ತಿಯ ಗುರುತು), ಲಾಸ್ಟ್ ಮಾಡಿಫೈಡ್ (ಕೊನೆಗೆ ಬದಲಾದ ಹೊತ್ತು) ಎರಡನ್ನೂ ಉಳಿಸ್ಕೊಂಡು ಮುಂದಿನ ಸಲ ವಾಪಸ್ ಕಳ್ಸೋದು, 304 (ಏನೂ ಬದಲಾಗಿಲ್ಲ ಅನ್ನೋ ಉತ್ತರ) ಬಂದ್ರೆ ಪಾರ್ಸರ್ ಹತ್ರನೂ ಹೋಗ್ಬಾರ್ದು. ಕೆಲವು ಸರ್ವರ್‌ಗಳು ಈಟ್ಯಾಗನ್ನ ಪ್ರತಿ ಸಲ ಬದಲಾಯಿಸ್ತವೆ, ಅಂಥವಕ್ಕೆ ಫೀಡಿನ ಒಳಗಿನ ಬರಹದ್ದೇ ಹ್ಯಾಶ್ (ಬರಹದಿಂದ ಲೆಕ್ಕ ಹಾಕಿದ ಚಿಕ್ಕ ಗುರುತು) ತೆಗೆದು ಹೋಲಿಸ್ಬೇಕು, ಅದೂ ಬಿಲ್ಡ್ ಡೇಟ್ (ಫೀಡ್ ತಯಾರಾದ ಹೊತ್ತು) ಸಾಲು ಕಿತ್ತಾಕಿದ ಮೇಲೆ, ಇಲ್ಲಾಂದ್ರೆ ಹ್ಯಾಶ್ ಒಂದಿನಾನೂ ಸೇರಲ್ಲ. ಆಮೇಲೆ ಪ್ರತಿ ಫೀಡಿಗೂ ಅದರದ್ದೇ ಗತಿ, ದಿನಕ್ಕೆ ಹತ್ತು ಪೋಸ್ಟ್ ಹಾಕೋನಿಗೆ ಹದಿನೈದು ನಿಮಿಷ, ವರ್ಷಕ್ಕೆರಡು ಬರೆಯೋನಿಗೆ ದಿನಕ್ಕೊಂದ್ಸಲ. ಪಬ್‌ಸಬ್‌ಹಬ್‌ಬಬ್ ಅನ್ನೋ ವ್ಯವಸ್ಥೆ ಇರೋ ಕಡೆ ಅದೂ ಬೇಡ, ಹೊಸ ಪೋಸ್ಟನ್ನ ಅವ್ರೇ ತಳ್ತಾರೆ. ಗತಿ ಲೆಕ್ಕ ಹಾಕೋ ಸೂತ್ರ ನನ್ ಹತ್ರನೇ ಇರ್ಲಿ, ಪೋಸ್ಟುಗಳ ನಡುವಿನ ಸರಾಸರಿ ತಗೊಂಡ್ರೆ ಆಗಲ್ಲ ಅಂತ ಮಾತ್ರ ಹೇಳ್ತೀನಿ. ಲೋಡ್ ಹತ್ತರಲ್ಲೊಂದು ಭಾಗಕ್ಕೆ ಇಳೀತು, ಅದೇ 5 ಡಾಲರಿನ ಡಬ್ಬದಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್ ಆರಾಮಾಗಿ ಕೂತ್ಕೊಂತು. ದೊಡ್ಡ ಮೆಷಿನ್ ಅಂದೋರಿಗೆ ಗ್ರಾಫ್ ಕಳಿಸ್ದೆ, ಒಬ್ರೂ ಉತ್ತರ ಕೊಡ್ಲಿಲ್ಲ.

ಒಂದೇ ಪೋಸ್ಟ್ ಎರಡೆರಡು ಸಲ ಬರೋ ಡೂಪ್ಲಿಕೇಟ್ ಕಾಟ ಬೇರೆ. ಬ್ಲಾಗ್‌ಸ್ಪಾಟಿಂದು ಗಟ್ಟಿ, ಐಡಿ "ಟ್ಯಾಗ್:ಬ್ಲಾಗರ್.ಕಾಂ,1999" ಅಂತ ಶುರುವಾಗತ್ತೆ, ವಿಳಾಸ ಏನೇ ಬದಲಾದ್ರೂ ಅದು ಬದಲಾಗಲ್ಲ. ಪೋಸ್ಟಿನ ಯುಆರ್‌ಎಲ್ಲನ್ನೇ ಜಿಯುಐಡಿ (ಪೋಸ್ಟಿನ ಗುರುತು) ಮಾಡ್ಕೊಂಡಿರೋರು ಎಚ್‌ಟಿಟಿಪಿಎಸ್ಸಿಗೆ ಹೋದ ದಿನ ಇದ್ದಬದ್ದ ಪೋಸ್ಟೆಲ್ಲ ಹೊಸದಾಗಿ ಬಂದು ಬಿದ್ದು ಅನ್‌ರೀಡ್ ಲೆಕ್ಕ ಸಾವಿರ ದಾಟೋದು. ಈಗ ಸ್ಕೀಮ್, ಡಬ್ಲ್ಯೂಡಬ್ಲ್ಯೂಡಬ್ಲ್ಯೂ, ಕೊನೇ ಸ್ಲಾಷ್, ಯುಟಿಎಂ ಬಾಲ (ಓದುಗ ಎಲ್ಲಿಂದ ಬಂದ ಅಂತ ಹಿಡಿಯೋ ಕೋಡ್) ಎಲ್ಲ ಕತ್ತರಿಸಿ ಆಮೇಲೆ ಹೋಲಿಸ್ತೀನಿ. ರೀಡರ್ ಮೂವತ್ತು ದಿನ ಆದ್ಮೇಲೆ ತಾನಾಗೇ ಓದಿದ್ದು ಅಂತ ಮಾಡ್ತಿತ್ತಲ್ಲ, ಆಗ ಬೈಕೊಂಡಿದ್ವಿ, ಈಗ ನಾನೂ ಅದನ್ನೇ ಇಟ್ಕೊಂಡಿದೀನಿ, ಇಲ್ದಿದ್ರೆ ಬಾಕಿ ತೀರೋದೇ ಇಲ್ಲ.

ನಡುವೆ ತಲೆ ಕೆಟ್ಟು ಬೇಯೇಸಿಯನ್ ಫಿಲ್ಟರ್ (ಪದಗಳ ಲೆಕ್ಕ ಹಿಡಿದು ವಿಂಗಡಿಸೋದು) ಬರೆದೆ, ನಾನು ಏನು ಓದ್ತೀನಿ ಅಂತ ಅದೇ ಕಲೀಲಿ ಅಂತ. ಇಂಗ್ಲಿಷ್ ಫೀಡಲ್ಲಿ ತಕ್ಕಮಟ್ಟಿಗೆ ಕಲೀತು. ಕನ್ನಡದಲ್ಲಿ ಮಾಡಿದ, ಮಾಡಿದ್ದರಿಂದ, ಮಾಡುತ್ತಿದ್ದವರಿಗೆ ಎಲ್ಲ ಬೇರೆಬೇರೆ ಪದ ಆಗಿ ಲೆಕ್ಕ ಚದುರಿಹೋಗತ್ತೆ, ಸಾಲದ್ದಕ್ಕೆ ಅಕ್ಷರಗಳು ಕೂಡ್ಕೊಳ್ಳದಂಗೆ ತಡೆಯೋ, ಕಣ್ಣಿಗೆ ಕಾಣದ ಜೀರೋ ವಿಡ್ತ್ ನಾನ್ ಜಾಯ್ನರ್ ಒಬ್ರು ಹಾಕಿರ್ತಾರೆ ಒಬ್ರು ಹಾಕಿರಲ್ಲ, ಒಂದೇ ಪದ ಎರಡಾಗತ್ತೆ. ಅದನ್ನ ತೆಗೆದು, ಪದದ ಮೊದಲ ಮೂರು ಅಕ್ಷರ ಮಾತ್ರ ಇಟ್ಕೊಂಡು ನೋಡ್ದೆ, ಸ್ವಲ್ಪ ಸುಧಾರಿಸ್ತು, ಆದ್ರೂ ಬೇಕಾದ್ದನ್ನೇ ಮುಚ್ಚಿಡೋದು ಬಿಡ್ಲಿಲ್ಲ, ಕಿತ್ತಾಕ್ದೆ. ನ್ಯೂಸ್‌ಲೆಟರ್ ಮೇಲನ್ನ ಫೀಡ್ ಮಾಡಿದ್ದು ಮಾತ್ರ ಭೇಷ್ ಆಯ್ತು, ಇನ್‌ಬಾಕ್ಸ್ ಅರ್ಧ ಖಾಲಿ. ಯೂಟ್ಯೂಬ್ ಚಾನೆಲ್ಲಿಗೂ ಫೀಡ್ ಇದೆ, ಕೊನೇ 15 ವಿಡಿಯೋ ಬರತ್ತೆ, ಇದು ಗೊತ್ತಿಲ್ದೆ ಬೆಲ್ ಒತ್ಕೊಂಡು ಕೂತಿರೋರು ಎಷ್ಟೋ ಜನ.

ಫೋನಿಗೆ ಆ್ಯಪ್ ಬರೀಲೇ ಇಲ್ಲ, ಬೇಕಾಗಿಲ್ಲ. ಸತ್ತ ರೀಡರಿನ ಎಪಿಐ ಇನ್ನೂ ಬದುಕಿದೆ, ಫ್ರೆಶ್‌ಆರೆಸ್ಸೆಸ್ ಅದನ್ನೇ ಮಾತಾಡತ್ತೆ, ಎಷ್ಟೋ ಆ್ಯಪ್‌ಗಳೂ ಮಾತಾಡ್ತವೆ. ನಾನು ನನ್ನ ಸರ್ವರಿಗೆ ಅದೇ ಮುಖ ಕೊಟ್ಟೆ, ಐಟಂ ಐಡಿ ಹದಿನಾರು ಹೆಕ್ಸ್ (0ಯಿಂದ 9, ಎಯಿಂದ ಎಫ್) ಅಂಕೆ ಇರ್ಬೇಕು ಅನ್ನೋದೊಂದು ಸರಿ ಮಾಡ್ಕೊಂಡ್ರೆ ಆ್ಯಪಿಗೆ ವ್ಯತ್ಯಾಸನೇ ಗೊತ್ತಾಗಲ್ಲ.

ಖರ್ಚು ಅಂದ್ರೆ ಈಗ ಬ್ಯಾಕಪ್ ಜಾಗ ಸೇರಿ ತಿಂಗಳಿಗೆ ಆರು ಏಳು ಡಾಲರ್ ಬೀಳತ್ತೆ, ಅದೇ ಸರ್ವರಲ್ಲಿ ಇನ್ನೂ ಮೂವರು ಓದ್ತಾರೆ, ಅದ್ರಲ್ಲಿ ಆರು ತಿಂಗ್ಳು ಅಂದಿದ್ದವನೂ ಒಬ್ಬ, ಬಾಡಿಗೆ ಇನ್ನೂ ಕೊಟ್ಟಿಲ್ಲ. ಈಗಿನ ತಲೆನೋವು ಬೇರೆ, ಬಾಟ್ ತಡೆಯೋಕೆ ಅಂತ ಫೀಡ್ ಯುಆರ್‌ಎಲ್ಲಿಗೂ ನೀವು ಮನುಷ್ಯರಾ ಅಂತ ಕೇಳೋ ಪೇಜ್ ಹಾಕ್ತಾರೆ, ಫೆಚರಿಗೆ 403 (ಒಳಗೆ ಬಿಡಲ್ಲ ಅನ್ನೋ ಉತ್ತರ) ಸಿಗತ್ತೆ. ಸೈಟ್ ನಡೆಸೋರಿಗೆ ಮೇಲ್ ಬರೆದು ಫೀಡ್ ಪಾತ್‌ಗೆ ವಿನಾಯ್ತಿ ಕೊಡಿ ಅಂದ್ರೆ ಅರ್ಧ ಜನ ಕೊಡ್ತಾರೆ, ಪಾಪ ಅವ್ರಿಗೆ ಅದು ಆನ್ ಆಗಿರೋದೇ ಗೊತ್ತಿರಲ್ಲ. ಉಳಿದ ಏಳೆಂಟು ಫೀಡ್ ಇನ್ನೂ ಕೆಂಪು ತೋರಿಸ್ತಾನೇ ಇವೆ.